ಅಂಚೆಯಾಟ ಅರ್ಧಕ್ಕೆ ನಿಂತಿದೆ, ಗೆಳೆಯ ಮಾತು ಬಿಟ್ಟಿದ್ದಾನೆ: ಏನು ಮಾಡಲಿ?

ಪ್ರಶ್ನೆ: ನಾನು ರಾಜಾಜಿನಗರದಲ್ಲಿರುವ 43 ವರ್ಷದ ಬ್ಯಾಂಕ್ ನೌಕರ. ಕಾಲೇಜಿನ ಐವರು ಗೆಳೆಯರು, ಅವರಲ್ಲೊಬ್ಬನ ಸೋದರಮಾವ ಮತ್ತು ನಾನು, ಹೀಗೆ ಏಳು ಜನ ಸೇರಿ 14 ತಿಂಗಳ ಹಿಂದೆ, ತಲಾ ಒಂದು ದೇಶ ಹಿಡಿದು ಆಡುವ ಡಿಪ್ಲೊಮಸಿ ಎಂಬ ಬೋರ್ಡ್ ಆಟವನ್ನು ಇಮೇಲ್ ಮೂಲಕ ಆಡಲು ಶುರುಮಾಡಿದೆವು. ಸೋದರಮಾವನವರು ಮಲ್ಲೇಶ್ವರದವರು, ಇಮೇಲ್ ಬಳಸುವುದಿಲ್ಲ, ಇನ್‌ಲ್ಯಾಂಡ್ ಪತ್ರದಲ್ಲೇ ತಮ್ಮ ಪಡೆಗಳ ನಡೆಯ ಆದೇಶ ಬರೆದು ಕಳಿಸುತ್ತಾರೆ. ಒಂದು ಸರದಿಗೆ ಎರಡು ವಾರ, ಚಳಿಗಾಲದ ಲೆಕ್ಕಕ್ಕೆ ಒಂದು ವಾರ ಎಂದು ಗೊತ್ತುಮಾಡಿದ್ದೆವು. ಎಲ್ಲರ ಆದೇಶಗಳೂ ನನಗೇ ಬರುತ್ತವೆ, ಫಲಿತಾಂಶ ತಯಾರಿಸುವವನೂ ನಾನೇ, ಜೊತೆಗೆ ಇಟಲಿಯನ್ನೂ ಆಡುತ್ತೇನೆ. ಈಗ ಆಟದ ಲೆಕ್ಕದಲ್ಲಿ 1906ರ ವಸಂತದಲ್ಲಿದ್ದೇವೆ. ಇಂಗ್ಲೆಂಡ್ ಆಡುತ್ತಿದ್ದವನು ಮೂರು ಸರದಿಗಳಿಂದ, ರಷ್ಯಾದವನು ಎರಡು ಸರದಿಗಳಿಂದ ಆದೇಶ ಕಳಿಸಿಲ್ಲ. ಕಳೆದ ಶರತ್ಕಾಲದ ಸರದಿಯಲ್ಲಿ ನಾನು ಆಸ್ಟ್ರಿಯಾದಿಂದ ಟ್ರಿಯೆಸ್ಟ್ ಮತ್ತು ವಿಯೆನ್ನಾ ಎರಡನ್ನೂ ಕಿತ್ತುಕೊಂಡೆ. ಅದಕ್ಕೆ ಮುಂಚೆ ಟರ್ಕಿಯ ಗೆಳೆಯ ಊರಲ್ಲಿಲ್ಲವೆಂದು ಗಡುವನ್ನು ಒಂದು ವಾರ ಮುಂದೂಡಿದ್ದೆ. ಆಸ್ಟ್ರಿಯಾದವನ ಆದೇಶ ಹಳೆಯ ಗಡುವಿಗೇ ಬಂದಿತ್ತು, ಆದರೆ ನಾನು ಅದನ್ನು ತೆರೆದು ನೋಡಿರಲಿಲ್ಲ. ಆ ವಾರದಲ್ಲಿ ಟರ್ಕಿಯ ಜೊತೆ ಮಾತಾಡಿದ್ದು ನಿಜ. ಅದಕ್ಕೂ ಹಿಂದೆ ಒಂದು ಪತ್ರದಲ್ಲಿ ಆಸ್ಟ್ರಿಯಾದವನಿಗೆ 'ನಮ್ಮ ಇಪ್ಪತ್ತು ವರ್ಷದ ಸ್ನೇಹದಾಣೆ, ಟಿರೋಲಿನಲ್ಲಿರುವ ಸೇನೆ ಜರ್ಮನಿಗಾಗಿ' ಎಂದು ಬರೆದಿದ್ದೆ. ಈಗ ಅವನು ನನ್ನ ಫೋನ್ ಎತ್ತುತ್ತಿಲ್ಲ. ಎಲ್ಲರೂ 500 ರೂಪಾಯಿ ಹಾಕಿ ಗೆದ್ದವರಿಗೆ ಕೊಟ್ಟರೆ ಶಿಸ್ತು ಬರುತ್ತದೆ ಎಂದು ಫ್ರಾನ್ಸಿನವನು ಸೂಚಿಸಿದ್ದಾನೆ. ಇದನ್ನು ಬಿಟ್ಟು ಅರ್ಧ ಗಂಟೆಯಲ್ಲಿ ಮುಗಿಯುವ ಮೊಬೈಲ್ ಆಟಕ್ಕೆ ಹೋಗೋಣ ಎಂದು ಟರ್ಕಿಯವನು. ಮನೆಯಲ್ಲಿ ಇದೂ ಒಂದು ಬಗೆಯ ಜೂಜು ಎನ್ನುತ್ತಾರೆ. ಮುಂದುವರಿಸಲೇ, ನಿಲ್ಲಿಸಲೇ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಚಿಂತೆಗಳು ಒಂದಕ್ಕೊಂದು ಹೆಣೆದುಕೊಂಡಿವೆ: ಆಟ ಸಾಗುತ್ತಿಲ್ಲ, ಗೆಳೆಯ ದೂರವಾಗಿದ್ದಾನೆ, ಇವೆರಡಕ್ಕೂ ಈ ಹವ್ಯಾಸದ ಗುಣವೇ ಕಾರಣವಿರಬಹುದೇ ಎಂಬ ಅನುಮಾನ ಕಾಡುತ್ತಿದೆ. ಬೋರ್ಡ್ ಆಟಗಳ ವಿನ್ಯಾಸವನ್ನೇ ವೃತ್ತಿಯಾಗಿಸಿಕೊಂಡು, ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಈ ಊರಿನಲ್ಲಿ ಇಂಥ ಆಟಗಳನ್ನು ನಡೆಸಿಕೊಟ್ಟಿರುವ ನನಗೆ ಕಾಣುವಂತೆ ಮೂರಕ್ಕೂ ಮೂಲ ಒಂದೇ, ಮತ್ತು ಅದು ನೀವು ಶಂಕಿಸುತ್ತಿರುವ ಜಾಗದಲ್ಲಿಲ್ಲ.

ಒಂದು ಸಣ್ಣ ಲೆಕ್ಕದಿಂದ ಶುರುಮಾಡೋಣ. ನೀವು ಬ್ಯಾಂಕಿನವರು, ಬೇಸರಿಸಲಾರಿರಿ. ನಿಮ್ಮದೇ ನಿಯಮದ ಪ್ರಕಾರ ಆಟದ ಒಂದು ವರ್ಷವೆಂದರೆ ವಸಂತಕ್ಕೆ ಎರಡು ವಾರ, ಶರತ್ಕಾಲಕ್ಕೆ ಎರಡು ವಾರ, ಚಳಿಗಾಲಕ್ಕೆ ಒಂದು ವಾರ, ಒಟ್ಟು ಐದು ವಾರ. ಆಟ 1901ರಲ್ಲಿ ಆರಂಭವಾಗುವುದರಿಂದ ನೀವು ಇಲ್ಲಿಯವರೆಗೆ ಐದು ವರ್ಷ ಮುಗಿಸಿದ್ದೀರಿ. ಅದಕ್ಕೆ ಹಿಡಿಯಬೇಕಾಗಿದ್ದದ್ದು 25 ವಾರ. 14 ತಿಂಗಳೆಂದರೆ ಸುಮಾರು 60 ವಾರ. ಉಳಿದ 35 ವಾರಗಳು ಎಲ್ಲಿ ಹೋದವು ಎಂಬುದಕ್ಕೆ ನಿಮ್ಮ ಪತ್ರದಲ್ಲಿ ಒಂದೇ ಒಂದು ಮುಂದೂಡಿಕೆಯ ಪ್ರಸ್ತಾಪವಿದೆ. ಹತ್ತು ನಡೆಯ ಸರದಿಗಳಿಗೆ ಹಂಚಿದರೆ, ಎರಡು ವಾರದ ಪ್ರತಿ ಸರದಿಗೂ ಮೂರೂವರೆ ವಾರದಷ್ಟು ಸಬೂಬು ಅಂಟಿಕೊಂಡಿದೆ. ಆಟ ನಿಧಾನವಾದ್ದರಿಂದ ನಿಮ್ಮವರು ಬೇಸತ್ತಿಲ್ಲ. ಇವತ್ತು ಬರಬೇಕಾದ ಫಲಿತಾಂಶ ಯಾವತ್ತು ಬರುತ್ತದೆಂದು ಯಾರಿಗೂ ಗೊತ್ತಿಲ್ಲದೆ ಹೋದದ್ದರಿಂದ ಬೇಸತ್ತಿದ್ದಾರೆ. ಹೊರಡುವ ಸಮಯವೇ ಗೊತ್ತಿಲ್ಲದ ಬಸ್ಸಿಗೆ ನಿಲ್ದಾಣದಲ್ಲಿ ಎಷ್ಟು ಹೊತ್ತು ಕಾಯುತ್ತಾರೆ? ಇಂಗ್ಲೆಂಡ್ ಮತ್ತು ರಷ್ಯಾದವರು ಆಟೋ ಹಿಡಿದು ಮನೆಗೆ ಹೋಗಿದ್ದಾರೆ, ಅಷ್ಟೆ.

ಈ ಆಟದ ಪರಿಚಯವಿಲ್ಲದ ಓದುಗರಿಗಾಗಿ ಎರಡು ಮಾತು ಹೇಳಿ ಮುಂದಕ್ಕೆ ಹೋಗುತ್ತೇನೆ. ಅಮೆರಿಕದ ಅಲನ್ ಕಾಲ್‌ಹ್ಯಾಮರ್ 1954ರಲ್ಲಿ ರೂಪಿಸಿ 1959ರಲ್ಲಿ ಹೊರತಂದ ಡಿಪ್ಲೊಮಸಿಯಲ್ಲಿ, ಮೊದಲ ಮಹಾಯುದ್ಧಕ್ಕೆ ಮುಂಚಿನ ಯೂರೋಪಿನ ಏಳು ಶಕ್ತಿಗಳಿವೆ. ನಕ್ಷೆಯಲ್ಲಿ 34 ಸರಬರಾಜು ಕೇಂದ್ರಗಳಿದ್ದು, 18ನ್ನು ಹಿಡಿದವರು ಗೆದ್ದಂತೆ. ದಾಳವಿಲ್ಲ, ಎಲೆಗಳಿಲ್ಲ, ಎಲ್ಲ ಪಡೆಗಳ ಬಲವೂ ಸಮಾನವಾದ್ದರಿಂದ ನೆರೆಯವರ ಬೆಂಬಲ ಪಡೆಯದೆ ಯಾರೂ ಬಹುದೂರ ಸಾಗಲಾರರು. ಮಾತುಕತೆ ಮುಗಿದ ಮೇಲೆ ಎಲ್ಲರೂ ಗುಟ್ಟಾಗಿ ಆದೇಶ ಬರೆಯುತ್ತಾರೆ, ಎಲ್ಲವನ್ನೂ ಒಟ್ಟಿಗೆ ಬಿಚ್ಚಲಾಗುತ್ತದೆ. ಕೊಟ್ಟ ಮಾತನ್ನು ಉಳಿಸಿಕೊಳ್ಳಬೇಕೆಂಬ ನಿಯಮ ಎಲ್ಲಿಯೂ ಇಲ್ಲ. ಏಳು ಜನರನ್ನು ಐದಾರು ಗಂಟೆ ಒಂದೇ ಮೇಜಿಗೆ ಕೂರಿಸುವುದು ಕಷ್ಟವಾದ್ದರಿಂದ ಇದು ಬೇಗನೆ ಅಂಚೆಗೆ ಹತ್ತಿತು: 1963ರಲ್ಲಿ ಜಾನ್ ಬೋರ್ಡ್‌ಮನ್ ಗ್ರೌಸ್ಟಾರ್ಕ್ ಎಂಬ ಕಿರುಪತ್ರಿಕೆ ಹೊರಡಿಸಿ ಅದರ ಮೂಲಕ ಆಟ ನಡೆಸತೊಡಗಿದರು, ಅಂಚೆಯಾಟಗಳಿಗೆ ಕೊಡುತ್ತಿದ್ದ ಕ್ರಮಸಂಖ್ಯೆಗೆ ಇಂದಿಗೂ ಅವರದೇ ಹೆಸರಿದೆ. ಕಾಲ್‌ಹ್ಯಾಮರ್ ಅವರೇ ಮುಂದೆ ಇಲಿನಾಯ್ ರಾಜ್ಯದಲ್ಲಿ ಅಂಚೆಯವರಾಗಿ ಮನೆಮನೆಗೆ ಕಾಗದ ಹಂಚಿದರು ಎಂಬುದು ನನಗೆ ಬಹಳ ಪ್ರಿಯವಾದ ಸಂಗತಿ.

ನಿಧಾನವಾದ ಆಟಕ್ಕೆ ಈಗ ಕಾಲವಲ್ಲ ಎಂಬ ಮಾತನ್ನು ಇದಕ್ಕೇ ನಾನು ಒಪ್ಪುವುದಿಲ್ಲ. ಲಂಡನ್ ಮತ್ತು ಎಡಿನ್‌ಬರೊ ಚದುರಂಗ ಕ್ಲಬ್ಬುಗಳು ಪತ್ರದ ಮೂಲಕ ಆಡಿದ ಪಂದ್ಯ 1824ರಿಂದ 1828ರವರೆಗೆ ನಡೆಯಿತು, ಎಡಿನ್‌ಬರೊ ಗೆದ್ದಿತು. 1951ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಪತ್ರ ಚದುರಂಗ ಒಕ್ಕೂಟ ಇಂದಿಗೂ ಪಂದ್ಯ ನಡೆಸುತ್ತಿದೆ. ಹತ್ತು ನಡೆಗಳಿಗೆ 50 ದಿನ ಎಂಬುದು ಅಲ್ಲಿ ಬಹಳ ಕಾಲದಿಂದ ಬಳಕೆಯಲ್ಲಿರುವ ಅವಧಿ. ಅದಕ್ಕೆ ಹೋಲಿಸಿದರೆ ನಿಮ್ಮ ಎರಡು ವಾರ ಅತಿಯೇನೂ ಅಲ್ಲ. ಆದರೆ ಆ 50 ದಿನ ಐವತ್ತೊಂದಾಗುವುದಿಲ್ಲ. ಹಾಗೇನಾದರೂ ಆದರೆ ಪಂದ್ಯ ಸೋತಂತೆ.

ಜೂಜಿನ ವಿಷಯವನ್ನೂ ಇಲ್ಲಿಯೇ ಮುಗಿಸಿಬಿಡುತ್ತೇನೆ. ನೀವು ಈಗ ಆಡುತ್ತಿರುವುದು ಜೂಜಲ್ಲ: ಪಣವಿಲ್ಲ, ದಾಳವಿಲ್ಲ. ಆದರೆ ನಿಮ್ಮ ಫ್ರಾನ್ಸಿನ ಗೆಳೆಯ ಸೂಚಿಸಿದಂತೆ ತಲಾ 500 ರೂಪಾಯಿ ಹಾಕಿ ಗೆದ್ದವರಿಗೆ ಕೊಟ್ಟಿರೋ, ಮನೆಯವರ ಮಾತು ಅಂದಿನಿಂದ ನಿಜವಾಗತೊಡಗುತ್ತದೆ. 2025ರ ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆಯು, ಹಣ ಗೆಲ್ಲುವ ನಿರೀಕ್ಷೆಯಿಂದ ಹಣ ಹೂಡಿ ಆಡುವ ಆನ್‌ಲೈನ್ ಆಟಗಳನ್ನು ಕೌಶಲದ್ದೋ ಅದೃಷ್ಟದ್ದೋ ಎಂದು ನೋಡದೆ ನಿಷೇಧಿಸುತ್ತದೆ. ಪಣದ ಸ್ವರೂಪವಿಲ್ಲದ ಪ್ರವೇಶ ಶುಲ್ಕ ಅಥವಾ ಚಂದಾ ಇರುವ ಸಾಮಾಜಿಕ ಆಟಗಳನ್ನು ಬೇರೆಯಾಗಿ ಕಾಣುತ್ತದೆ. ನಾನು ವಕೀಲನಲ್ಲ, ಗೆಳೆಯರ ನಡುವಿನ ಇಮೇಲಿಗೆ ಅದು ಎಷ್ಟರಮಟ್ಟಿಗೆ ಅನ್ವಯಿಸುತ್ತದೆ ಎಂದು ತೀರ್ಪು ಕೊಡಲಾರೆ. ಆದರೆ ಕಾನೂನನ್ನು ಬದಿಗಿಟ್ಟರೂ, ಈಗಾಗಲೇ ನಂಬಿಕೆ ಹರಿದಿರುವ ಗುಂಪಿಗೆ 3,500 ರೂಪಾಯಿಯ ಗಂಟೊಂದನ್ನು ತಂದಿಡುವುದು ಬೆಂಕಿಗೆ ತುಪ್ಪ ಹೊಯ್ದಂತೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಆದೇಶಗಳನ್ನು ಸಂಗ್ರಹಿಸಿ, ಗಡುವು ಕಾಯ್ದು, ಫಲಿತಾಂಶ ಹೊರಡಿಸುವವನನ್ನು ನಮ್ಮ ವಲಯದಲ್ಲಿ ನಿರ್ವಾಹಕ ಎನ್ನುತ್ತೇವೆ. ಆ ಪದ ಕೇಳಿದೊಡನೆ ಬಸ್ಸಿನ ಕಂಡಕ್ಟರು ನೆನಪಾದರೆ ಒಳ್ಳೆಯದೇ: ಅವನು ಸೀಟಿ ಊದುತ್ತಾನೆ, ಚೀಟಿ ಹರಿಯುತ್ತಾನೆ, ಚಕ್ರ ತಿರುಗಿಸುವುದಿಲ್ಲ. ನಮ್ಮ ಸಾರಿಗೆ ಸಂಸ್ಥೆಗಳಲ್ಲಿ ಚಾಲಕ-ಕಂ-ನಿರ್ವಾಹಕ ಎಂಬ ಹುದ್ದೆ ಇದೆ ನಿಜ, ಆದರೆ ಬಸ್ಸಿನಲ್ಲಿ ಚಾಲಕನೂ ಪ್ರಯಾಣಿಕರೂ ಒಂದೇ ಊರಿಗೆ ಹೋಗುವವರು. ಡಿಪ್ಲೊಮಸಿಯಲ್ಲಿ ಏಳು ಜನ ಏಳು ಊರಿಗೆ ಹೊರಟಿರುತ್ತಾರೆ. ಇಟಲಿಯನ್ನು ಆಡುತ್ತಲೇ ಉಳಿದ ಆರು ಜನರ ಗುಟ್ಟಿನ ಆದೇಶಗಳನ್ನು ನಿಮ್ಮ ಪೆಟ್ಟಿಗೆಯಲ್ಲಿ ಇಟ್ಟುಕೊಂಡ ದಿನವೇ ಈ ಜಗಳದ ಬೀಜ ಬಿತ್ತು. ವಿಯೆನ್ನಾ ಅದರ ಫಸಲು ಮಾತ್ರ.

ನೀವು ಆದೇಶ ತೆರೆದು ನೋಡಿರಲಿಲ್ಲ ಎಂದು ಬರೆದಿದ್ದೀರಿ. ನಾನು ನಂಬುತ್ತೇನೆ. ಆದರೆ ನಿಮ್ಮ ಗೆಳೆಯನ ಕುರ್ಚಿಯಲ್ಲಿ ಕುಳಿತು ನೋಡಿ. ಸರಬರಾಜು ಕೇಂದ್ರಗಳ ಒಡೆತನ ಬದಲಾಗುವುದು ಶರತ್ಕಾಲದ ಸರದಿ ಮುಗಿದ ಮೇಲೆ. ವಸಂತದಲ್ಲಿ ಕಾಲಿಟ್ಟು ಹೊರಟುಹೋದರೆ ಲೆಕ್ಕಕ್ಕಿಲ್ಲ. ಆದ್ದರಿಂದ ಚೂರಿ ಹಾಕುವವರು ಸಾಮಾನ್ಯವಾಗಿ ಶರತ್ಕಾಲವನ್ನೇ ಆರಿಸುತ್ತಾರೆ: ಆ ಕೂಡಲೇ ಕೇಂದ್ರ ಸಿಗುತ್ತದೆ, ಚಳಿಗಾಲದಲ್ಲಿ ಹೊಸ ಪಡೆ ಕಟ್ಟಬಹುದು, ಎದುರಾಳಿ ಕಳೆದುಕೊಂಡ ಕೇಂದ್ರಗಳಷ್ಟು ಪಡೆಗಳನ್ನು ತೆಗೆಯಬೇಕು. ಇಡೀ ವರ್ಷದ ಅಳಿವು ಉಳಿವು ನಿಂತಿರುವ ಆ ಒಂದು ಸರದಿಯಲ್ಲಿ ಅವನು ಶಿಸ್ತಾಗಿ ಗಡುವಿಗೆ ಆದೇಶ ಕಳಿಸಿದ. ಆಮೇಲೆ ಏಳು ದಿನ ಆ ಆದೇಶ ಅವನ ನೆರೆಯ ಶತ್ರುವಿನ ಇಮೇಲಿನಲ್ಲಿ ಇತ್ತು, ಆ ಶತ್ರು ಅದೇ ಏಳು ದಿನ ಟರ್ಕಿಯ ಜೊತೆ ಮಾತಾಡುತ್ತಿದ್ದ, ಕೊನೆಗೆ ತನ್ನ ಆದೇಶವನ್ನು ಅಂತಿಮಗೊಳಿಸಿದ. ನೋಡಿಲ್ಲ ಎಂಬ ನಿಮ್ಮ ಮಾತನ್ನು ಪರೀಕ್ಷಿಸುವ ದಾರಿಯೇ ಅವನಿಗಿಲ್ಲ. ಆಟದೊಳಗೆ ಪ್ರತಿ ಮಾತನ್ನೂ ಶಂಕಿಸಬೇಕಾದವನಿಗೆ, ಇದೊಂದನ್ನು ಮಾತ್ರ ಶಂಕಿಸದೆ ನಂಬು ಎಂದು ನೀವು ಕೇಳುತ್ತಿದ್ದೀರಿ.

ಡಿಪ್ಲೊಮಸಿ ಸ್ನೇಹ ಕೆಡಿಸುತ್ತದೆ ಎಂಬ ಮಾತು ಎಲ್ಲೆಲ್ಲೂ ಕೇಳಿಬರುತ್ತದೆ. ಅದರಲ್ಲಿ ಅರ್ಧ ಸತ್ಯವಿದೆ, ಮತ್ತು ಆ ಅರ್ಧ ಅಂಚೆಯಾಟಕ್ಕೇ ಹೆಚ್ಚು ಅನ್ವಯಿಸುತ್ತದೆ. ಮೇಜಿನ ಸುತ್ತ ಕುಳಿತು ಆಡಿದಾಗ ದ್ರೋಹ ಬಯಲಾಗುವುದಕ್ಕೂ ಮುಂದಿನ ಮಾತುಕತೆಗೂ ನಡುವೆ ಕೆಲವೇ ನಿಮಿಷ. ಬೈದಾಯಿತು, ನಕ್ಕಾಯಿತು, ಆಟ ಮುಗಿದ ಮೇಲೆ ಒಟ್ಟಿಗೇ ದರ್ಶಿನಿಗೆ ಹೋಗಿ ಬೈ-ಟು ಕಾಫಿ ಕುಡಿದು ಅದನ್ನೇ ಮತ್ತೆ ಮತ್ತೆ ಹೇಳಿಕೊಂಡು ಹಗುರಾದದ್ದಾಯಿತು. ಅಂಚೆಯಲ್ಲಿ ಹಾಗಿಲ್ಲ. ಚೂರಿ ತಿಂದವನು ಎರಡು ವಾರ ಒಬ್ಬನೇ ಕೂರುತ್ತಾನೆ, ನಿಮ್ಮ ಹಳೆಯ ಪತ್ರಗಳನ್ನು ತೆಗೆದು ಓದುತ್ತಾನೆ, ಯಾವ ಸಾಲಿನಿಂದ ಸುಳ್ಳು ಶುರುವಾಯಿತೆಂದು ಬೆರಳಿಟ್ಟು ಹುಡುಕುತ್ತಾನೆ. ಆಡಿದ ಸುಳ್ಳು ಗಾಳಿಗೆ ಹೋಗುತ್ತದೆ, ಬರೆದ ಸುಳ್ಳು ಕಡತದಲ್ಲಿ ಉಳಿಯುತ್ತದೆ.

ಆದರೂ ಟಿರೋಲಿನ ಸೇನೆ ಜರ್ಮನಿಗಾಗಿ ಎಂದು ನೀವು ಬರೆದದ್ದರಲ್ಲಿ ತಪ್ಪೇನಿಲ್ಲ. ಮ್ಯೂನಿಕ್ ಅಲ್ಲಿಂದ ಒಂದೇ ಹೆಜ್ಜೆ, ಒಳ್ಳೆಯ ಸುಳ್ಳಿಗೆ ಇರಬೇಕಾದ ನಂಬಲರ್ಹತೆ ಅದಕ್ಕಿತ್ತು. ತಪ್ಪು ಇರುವುದು ಅದರ ಹಿಂದಿನ ನಾಲ್ಕು ಪದಗಳಲ್ಲಿ. ಇಟಲಿಯ ಮಂತ್ರಿ ಆಸ್ಟ್ರಿಯಾದ ಮಂತ್ರಿಗೆ ಸುಳ್ಳು ಹೇಳಬಹುದು, ಆದರೆ ಅವರಿಬ್ಬರೂ ಒಂದೇ ಕಾಲೇಜಿನಲ್ಲಿ ಓದಿಲ್ಲ. ಸ್ನೇಹದಾಣೆ ಎಂದದ್ದು ಇಟಲಿಯಲ್ಲ, ನೀವು. ಮಕ್ಕಳ ಆರೋಗ್ಯ, ಮನೆಯ ಕಷ್ಟ, ಸ್ನೇಹ, ಆಣೆ, ಇವನ್ನು ಆಟದ ಮಾತುಕತೆಗೆ ತರಬಾರದು ಎಂದು ನಾನು ನಡೆಸುವ ಪ್ರತಿ ಆಟದ ಮೊದಲ ಪತ್ರದಲ್ಲೇ ಬರೆಯುತ್ತೇನೆ. ಹಾಗೆ ಬರೆಯದಿದ್ದ ಕಾಲದಲ್ಲಿ ಒಬ್ಬರು ಆಸ್ಪತ್ರೆಯಲ್ಲಿದ್ದೇನೆಂದು ಸುಳ್ಳು ಹೇಳಿ ಗಡುವು ಮುಂದೂಡಿಸಿಕೊಂಡಿದ್ದರು. ಅದು ತಿಳಿದ ಮೇಲೆ ಉಳಿದ ಆರು ಮಂದಿ ಮತ್ತೆಂದೂ ಒಂದು ಆಟಕ್ಕೆ ಸೇರಲಿಲ್ಲ.

ಹಾಗಾಗಿ ಗೆಳೆಯನ ವಿಷಯದಲ್ಲಿ ನನ್ನ ಸಲಹೆ ಸ್ಪಷ್ಟವಾಗಿದೆ. ವಿಯೆನ್ನಾಕ್ಕಾಗಿ ಕ್ಷಮೆ ಕೇಳಬೇಡಿ. ಕೇಳಿದರೆ, ಆಟದೊಳಗಿನ ದ್ರೋಹವೇ ಅಪರಾಧ ಎಂದು ನೀವೇ ಒಪ್ಪಿದಂತಾಗಿ, ಆಮೇಲೆ ಉಳಿದವರಾರೂ ಧೈರ್ಯವಾಗಿ ಆಡಲಾರರು. ಆ ಒಂದು ವಾರಕ್ಕಾಗಿ ಕ್ಷಮೆ ಕೇಳಿ, ಆ ಆಣೆಗಾಗಿ ಕ್ಷಮೆ ಕೇಳಿ. ಫೋನ್ ಎತ್ತುತ್ತಿಲ್ಲವೆಂದಿರಿ, ಒಳ್ಳೆಯದು, ಕೈಯಲ್ಲೇ ಒಂದು ಕಾಗದ ಬರೆದು ಹಾಕಿ. ಆದೇಶ ತೆರೆದಿರಲಿಲ್ಲ ಎಂಬ ವಾದವನ್ನು ಅದರಲ್ಲಿ ಮತ್ತೆ ಎತ್ತಬೇಡಿ, 'ನಿನಗೆ ಅದನ್ನು ಪರೀಕ್ಷಿಸಲಾಗದಂಥ ಸ್ಥಿತಿಯಲ್ಲಿ ನಿನ್ನನ್ನು ಇಟ್ಟದ್ದು ನನ್ನ ತಪ್ಪು' ಎಂದು ಮಾತ್ರ ಬರೆಯಿರಿ. ಅವನು ಒಪ್ಪಬಹುದು, ಒಪ್ಪದೆಯೂ ಇರಬಹುದು. ಆಟಕ್ಕೆ ಮರಳುವಂತೆ ಅದೇ ಕಾಗದದಲ್ಲಿ ಕೇಳಿದರೆ ಕ್ಷಮೆಯೂ ಒಂದು ತಂತ್ರದಂತೆ ಕಾಣುತ್ತದೆ.

ಇನ್ನು ಆಟವನ್ನು ಏನು ಮಾಡುವುದು? ಶರತ್ಕಾಲದ ಸರದಿಯನ್ನು ರದ್ದುಮಾಡಿ ಮತ್ತೆ ಆಡುವುದು ನ್ಯಾಯವೆಂದು ನಿಮಗೆ ಅನ್ನಿಸಬಹುದು. ನಾನು ಬೇಡವೆನ್ನುತ್ತೇನೆ. ಫಲಿತಾಂಶ ಲೆಕ್ಕ ಹಾಕುವಾಗ ನಿರ್ವಾಹಕ ಎಡವಿದ್ದರೆ ಮುಂದಿನ ಗಡುವಿನೊಳಗೆ ತಿದ್ದುವುದು ವಾಡಿಕೆ. ಇಲ್ಲಿ ಲೆಕ್ಕ ಸರಿಯಿದೆ, ಕೆಟ್ಟಿರುವುದು ವ್ಯವಸ್ಥೆ. ರದ್ದುಮಾಡಿದರೆ ನಿಮ್ಮ ಉದ್ದೇಶ ಆಸ್ಟ್ರಿಯಾಕ್ಕೆ ಮೊದಲೇ ಗೊತ್ತಿರುವ ವಿಚಿತ್ರ ಸರದಿಯೊಂದು ಹುಟ್ಟುತ್ತದೆ, ಯಾವ ತಪ್ಪೂ ಮಾಡದ ಮಲ್ಲೇಶ್ವರದ ಹಿರಿಯರ ಜರ್ಮನಿ ಗಳಿಸಿದ್ದೂ ಅಳಿಸಿಹೋಗುತ್ತದೆ. ಎಲ್ಲರೂ ಒಪ್ಪಿ ಇಲ್ಲಿಗೇ ನಿಲ್ಲಿಸುವುದು ಇನ್ನೊಂದು ದಾರಿ. ನಿಯಮಪುಸ್ತಕದ ಪ್ರಕಾರ ಒಪ್ಪಂದದಿಂದ ಆಟ ಮುಗಿದರೆ ನಕ್ಷೆಯಲ್ಲಿ ಉಳಿದವರೆಲ್ಲರಿಗೂ ಸಮಪಾಲು. ಇದು ಗೌರವದ ಅಂತ್ಯವೇ. ಆದರೆ ಇಂಥ ಒಪ್ಪಂದಕ್ಕೆ ಚೂರಿ ತಿಂದವನ ಸಹಿಯೂ ಬೇಕು, ಮತ್ತು ಈ ಕ್ಷಣದಲ್ಲಿ ಅದನ್ನು ಕೇಳಿದರೆ ದೋಚಿದ್ದನ್ನು ಜೀರ್ಣಿಸಿಕೊಳ್ಳಲು ಕೇಳಿದಂತೆ ಅವನಿಗೆ ಕಾಣುವ ಅಪಾಯವಿದೆ.

ನನ್ನ ಆಯ್ಕೆ ಬೇರೆ. ನಿಮ್ಮ ತಲೆಯ ಮೇಲಿರುವ ಎರಡು ಪೇಟಗಳಲ್ಲಿ ಒಂದನ್ನು ಇಳಿಸಿ. ಇಟಲಿಯನ್ನು ಬೇರೆಯವರಿಗೆ ಒಪ್ಪಿಸಿ ನಿರ್ವಾಹಕನಾಗಿ ಉಳಿಯಬಹುದು, ಆದರೆ ನಿಮ್ಮ ಮೇಲೆ ಅನುಮಾನ ಬಂದಿರುವುದು ನಿರ್ವಾಹಕನೆಂಬ ನೆಲೆಯಲ್ಲೇ, ಆದ್ದರಿಂದ ಆ ಪೇಟವನ್ನೇ ಇಳಿಸುವುದು ವಾಸಿ. ಯಾವ ದೇಶವನ್ನೂ ಆಡದ, ಏಳು ಜನರಲ್ಲಿ ಯಾರಿಗೂ ಹತ್ತಿರದವರಲ್ಲದ ಒಬ್ಬರನ್ನು ಹುಡುಕಿ. ಜಯನಗರ, ಇಂದಿರಾನಗರ, ಕೋರಮಂಗಲದ ಕಡೆ ವಾರಾಂತ್ಯದಲ್ಲಿ ಬೋರ್ಡ್ ಆಟಕ್ಕೆ ಸೇರುವ ಗುಂಪುಗಳಲ್ಲಿ ವಿಚಾರಿಸಿದರೆ, ಎರಡು ವಾರಕ್ಕೊಮ್ಮೆ ಒಂದು ಗಂಟೆ ಕೊಡುವವರು ಸಿಕ್ಕೇ ಸಿಗುತ್ತಾರೆ. ಏಳು ಜನರ ಸುಳ್ಳುಗಳನ್ನು ಮೇಲಿನಿಂದ ನೋಡುವ ಸುಖಕ್ಕೆ ಮನಸೋಲುವವರು ನಮ್ಮ ನಡುವೆ ಕಡಿಮೆಯಿಲ್ಲ. ಯಾರೂ ಸಿಗದ ಪಕ್ಷದಲ್ಲಿ, ಪ್ರತಿಯೊಬ್ಬರೂ ತಮ್ಮ ಆದೇಶವನ್ನು ಪಾಸ್‌ವರ್ಡ್ ಹಾಕಿದ ಕಡತವಾಗಿ ಗಡುವಿಗೆ ಮುಂಚೆ ಎಲ್ಲರಿಗೂ ಕಳಿಸಿ, ಗಡುವು ಕಳೆದ ಮೇಲೆ ಪಾಸ್‌ವರ್ಡ್ ತಿಳಿಸುವ ಕ್ರಮವೊಂದಿದೆ. ಇತರರ ಆದೇಶ ನೋಡಿ ಮನಸ್ಸು ಬದಲಿಸಿ ಪಾಸ್‌ವರ್ಡ್ ಮರೆತೆನೆನ್ನುವವರು ಇದ್ದೇ ಇರುತ್ತಾರಾದ್ದರಿಂದ, ಪಾಸ್‌ವರ್ಡ್ ಬಾರದ ಕಡತವನ್ನು ಬಾರದ ಆದೇಶವೆಂದೇ ಎಣಿಸಬೇಕು. ಇನ್‌ಲ್ಯಾಂಡ್ ಪತ್ರ ಬರೆಯುವ ಹಿರಿಯರು ಇರುವ ನಿಮ್ಮ ಗುಂಪಿಗೆ ಇದು ಅಷ್ಟಾಗಿ ಹೊಂದದು.

ಆದೇಶ ಬಾರದ ಸರದಿಗೆ ನಮ್ಮಲ್ಲಿ ಎನ್‌ಎಂಆರ್ (ನೋ ಮೂವ್ಸ್ ರಿಸೀವ್ಡ್) ಎನ್ನುತ್ತಾರೆ. ಗೆಳೆಯರ ಗುಂಪುಗಳು ಇದನ್ನು ಸೌಜನ್ಯದ ಸಮಸ್ಯೆ ಎಂದುಕೊಳ್ಳುತ್ತವೆ, ಆದರೆ ಇದು ಆಟದ ಸಮತೋಲದ ಸಮಸ್ಯೆ. ಆದೇಶವಿಲ್ಲದ ಪಡೆಗಳು ಇದ್ದಲ್ಲೇ ನಿಲ್ಲುತ್ತವೆ. ಆಡುವವರೇ ಬಿಟ್ಟುಹೋದ ದೇಶವಾದರೆ ಆ ಪಡೆಗಳು ಒಂದನ್ನೊಂದು ಬೆಂಬಲಿಸುವುದಿಲ್ಲ, ಸ್ಥಾನ ತಪ್ಪಿದರೆ ಕರಗಿಹೋಗುತ್ತವೆ, ಹೊಸವು ಹುಟ್ಟುವುದಿಲ್ಲ. ಮೂರು ಸರದಿ ಇಂಗ್ಲೆಂಡ್ ನಿದ್ದೆ ಹೋದರೆ ಅದರ ಲಾಭ ಚಾಣಾಕ್ಷನಿಗಲ್ಲ, ಪಕ್ಕದಲ್ಲಿದ್ದವನಿಗೆ; ಫ್ರಾನ್ಸಿನ ಗೆಳೆಯನಿಗೆ ಈಗ ಶಿಸ್ತಿನ ನೆನಪು ಬಂದಿರುವುದು ಬಹುಶಃ ಆ ಲಾಭ ಜೇಬಿಗೆ ಬಿದ್ದ ಮೇಲೆಯೇ ಇರಬೇಕು. ಇದಕ್ಕೆ ಕಿರುಪತ್ರಿಕೆಗಳ ಕಾಲದಿಂದ ಬಂದಿರುವ ಮದ್ದು ಬದಲಿ ಆಟಗಾರ. ಮೊದಲ ಬಾರಿ ಆದೇಶ ಬಾರದಿದ್ದಾಗಲೇ ಬದಲಿಯವರಿಂದ ಮುಂದಿನ ಸರದಿಗೆ ಆದೇಶ ಕೇಳಿಟ್ಟುಕೊಳ್ಳಬೇಕು. ಮೂಲ ಆಟಗಾರ ಎಚ್ಚೆತ್ತು ಕಳಿಸಿದರೆ ಅವನದು, ಎರಡನೆಯ ಬಾರಿಯೂ ಬಾರದಿದ್ದರೆ ಬದಲಿಯವರದು, ಅಂದಿನಿಂದ ದೇಶವೂ ಅವರದೇ. ನಿಮ್ಮ ಇಂಗ್ಲೆಂಡ್ ಮತ್ತು ರಷ್ಯಾ ಎರಡೂ ಈ ಗೆರೆ ದಾಟಿವೆ. ಹೋದವರಿಗೆ ಒಂದು ಸಭ್ಯ ಪತ್ರ ಬರೆದು ಬಿಡುಗಡೆ ಮಾಡಿ. ಎಷ್ಟೋ ಬಾರಿ ಅವರು ಆಟದಿಂದಲ್ಲ, ತಪ್ಪಿತಸ್ಥ ಭಾವನೆಯಿಂದ ಓಡುತ್ತಿರುತ್ತಾರೆ. ಹೊಸಬರಿಗೆ ಹಿಂದಿನ ಫಲಿತಾಂಶಗಳೆಲ್ಲ ಸಿಗಬೇಕು, ಹಿಂದಿನ ಖಾಸಗಿ ಪತ್ರಗಳು ಸಿಗಬಾರದು, ಹಳೆಯವರು ಕೊಟ್ಟ ಮಾತಿಗೆ ಅವರು ಬದ್ಧರಲ್ಲ. ಹಾಳಾದ ದೇಶವನ್ನು ಕೈಗೆತ್ತಿಕೊಂಡು ಎದ್ದುನಿಲ್ಲಿಸುವುದನ್ನೇ ಇಷ್ಟಪಡುವ ಆಟಗಾರರಿದ್ದಾರೆ, ಅಂಥವರನ್ನೇ ಹುಡುಕಿ.

ಗಡುವಿನ ವಿಷಯದಲ್ಲಿ ಕೆಲವು ಒರಟು ಅನುಭವಗಳನ್ನು ಹೇಳುತ್ತೇನೆ. 'ಶುಕ್ರವಾರ ರಾತ್ರಿ 12ಕ್ಕೆ' ಎಂದು ಎಂದೂ ಬರೆಯಬೇಡಿ. ಗುರುವಾರ ಕಳೆದ ರಾತ್ರಿಯೋ ಶುಕ್ರವಾರ ಕಳೆದ ರಾತ್ರಿಯೋ ಎಂದು ಅರ್ಧ ಜನ ತಪ್ಪು ತಿಳಿಯುತ್ತಾರೆ. ಗುರುವಾರ ರಾತ್ರಿ 9 ಗಂಟೆ ಎಂದಿಡಿ. ಭಾನುವಾರ ಅಂಚೆ ಬಟವಾಡೆಯಿಲ್ಲದ ಕಾರಣ ಸೋಮವಾರದ ಗಡುವು ಪತ್ರ ಬರೆಯುವವರಿಗೆ ಅನ್ಯಾಯ. ಆದೇಶಕ್ಕೆ ಪೋಸ್ಟ್‌ಕಾರ್ಡ್ ಬೇಡ: 50 ಪೈಸೆ ಅಗ್ಗವೇನೋ ಹೌದು, ಆದರೆ ತೆರೆದ ಕಾರ್ಡನ್ನು ದಾರಿಯಲ್ಲಿ ಯಾರು ಬೇಕಾದರೂ ಓದಬಹುದು, ಹಿರಿಯರು ಎರಡೂವರೆ ರೂಪಾಯಿಯ ಇನ್‌ಲ್ಯಾಂಡ್ ಆರಿಸಿಕೊಂಡದ್ದು ಅವರ ಜಾಣತನ. ಮುದ್ರೆಯ ದಿನಾಂಕ ನೋಡುವುದೋ ಕೈಸೇರಿದ ದಿನಾಂಕ ನೋಡುವುದೋ ಎಂಬುದನ್ನು ಮೊದಲೇ ಬರೆದಿಡಿ. ಕೈಸೇರಿದ ದಿನವೇ ಲೆಕ್ಕ ಎಂಬುದು ನನ್ನ ಕ್ರಮ, ಏಕೆಂದರೆ ನಮ್ಮ ಅಂಚೆಮುದ್ರೆಗಳು ಎಷ್ಟೋ ಸಲ ಓದಲಿಕ್ಕೇ ಬರುವುದಿಲ್ಲ. ಪುರಾವೆ ಬೇಕಾದ ಸಂದರ್ಭದಲ್ಲಿ ಮೊದಲು ರಿಜಿಸ್ಟರ್ ಮಾಡಿಸುತ್ತಿದ್ದೆವು. 2025ರಲ್ಲಿ ಆ ಸೇವೆ ಸ್ಪೀಡ್ ಪೋಸ್ಟಿನೊಳಗೆ ಸೇರಿಹೋಗಿರುವುದರಿಂದ ಈಗ ಸ್ಪೀಡ್ ಪೋಸ್ಟೇ ದಾರಿ. ವಾಟ್ಸ್ಆ್ಯಪಿನಲ್ಲಿ ಮಾತುಕತೆ ನಡೆಯಲಿ, ಆದೇಶ ಮಾತ್ರ ಬೇಡ. ಕಳಿಸಿದ ಸಂದೇಶವನ್ನು 15 ನಿಮಿಷದೊಳಗೆ ತಿದ್ದಲು ಅಲ್ಲಿ ಅವಕಾಶವಿದೆ, ಗಡುವಿನ ಅಂಚಿನಲ್ಲಿ ಆ ಹದಿನೈದು ನಿಮಿಷವೇ ಮತ್ತೊಂದು ಜಗಳಕ್ಕೆ ಸಾಕು. ಮುಂದೂಡಿಕೆಯನ್ನು ಪೂರ್ತಿ ನಿಷೇಧಿಸಬೇಕೆಂದು ನಾನು ಹೇಳುವುದಿಲ್ಲ. ದಸರಾ, ದೀಪಾವಳಿ, ಸಾವು, ಮದುವೆ, ಇವು ಬಂದೇ ಬರುತ್ತವೆ. ಗಡುವಿಗೆ ಮೂರು ದಿನ ಮುಂಚೆ ಕೇಳಿದರೆ ಉಂಟು, ಆಮೇಲೆ ಇಲ್ಲ. ಮುಂದೂಡಿದ ಕೂಡಲೇ ಏಳೂ ಜನಕ್ಕೆ ತಿಳಿಸಬೇಕು. ಈಗಾಗಲೇ ಆದೇಶ ಕಳಿಸಿದವರಿಗೆ ಬದಲಿಸುವ ಹಕ್ಕಿದೆ ಎಂದು ಅದೇ ಪತ್ರದಲ್ಲಿ ಹೇಳಬೇಕು. ಈ ಕೊನೆಯ ಸಾಲನ್ನು ನೀವು ಅಂದು ಬರೆದಿದ್ದರೆ ಈ ಪ್ರಶ್ನೆಯ ಅರ್ಧ ಭಾಗ ನನಗೆ ಬರುತ್ತಿರಲಿಲ್ಲ.

ಹೊಸ ನಿರ್ವಾಹಕರಿಗೆ ಇನ್ನೊಂದು ಎಚ್ಚರಿಕೆ ದಾಟಿಸಿ. ಸ್ಥಳನಾಮಗಳನ್ನು ಕನ್ನಡದಲ್ಲಿ ಮೊಟಕು ಮಾಡಿ ಬರೆದಾಗ ಗೊಂದಲ ಹೆಚ್ಚು. ಉತ್ತರ ಸಮುದ್ರದಲ್ಲಿದ್ದ ನೌಕಾಪಡೆಗೆ ಒಬ್ಬರು 'ನಾರ್' ಎಂದು ಬರೆದಿದ್ದರು, ನಾನು ನಾರ್ವೆ ಎಂದು ಓದಿ ಫಲಿತಾಂಶ ಹೊರಡಿಸಿದೆ. ಅವರ ಮನಸ್ಸಿನಲ್ಲಿದ್ದದ್ದು ನಾರ್ವೇಜಿಯನ್ ಸಮುದ್ರ. ಕೆಟ್ಟದಾಗಿ ಬರೆದಿದ್ದರೂ ಒಂದೇ ಅರ್ಥ ಬರುವ ಆದೇಶವನ್ನು ಪಾಲಿಸಬೇಕು ಎಂಬುದು ನಿಯಮ, ಆದರೆ ಆ ನೌಕೆ ಎರಡಕ್ಕೂ ಹೋಗಬಹುದಾಗಿತ್ತು. ಎರಡು ದಿನದ ಮೇಲೆ ಫಲಿತಾಂಶ ಹಿಂತೆಗೆದುಕೊಂಡು ಏಳು ಜನರ ಬೈಗುಳ ತಿಂದೆ. ಪತ್ರ ಚದುರಂಗದವರು ಭಾಷೆಯ ಈ ತೊಡಕನ್ನು ಅಂಕಿಗಳಿಂದ ದಾಟಿದ್ದಾರೆ. ಬಿಳಿಯ ರಾಜನ ಮುಂದಿನ ಕಾಲಾಳು ಎರಡು ಮನೆ ನಡೆದರೆ 5254 ಎಂದು ಬರೆದರಾಯಿತು, ಯಾವ ಭಾಷೆಯವರಿಗೂ ಅನುಮಾನವಿಲ್ಲ. ನಮಗೆ ಆ ಸೌಕರ್ಯವಿಲ್ಲ, ಹೆಸರನ್ನು ಪೂರ್ತಿ ಬರೆಯುವುದೊಂದೇ ಉಪಾಯ.

ಮೊಬೈಲ್ ಆಟಕ್ಕೆ ಹೋಗೋಣ ಎಂಬ ಟರ್ಕಿಯವರ ಮಾತಿನಲ್ಲಿ ತಪ್ಪಿಲ್ಲ, ಆದರೆ ಅದು ಇನ್ನೊಂದು ಹವ್ಯಾಸ. ಅರ್ಧ ಗಂಟೆಯ ಆಟದಲ್ಲಿ ಯಾರೂ ಯಾರಿಗೂ ಕಾಗದ ಬರೆಯುವುದಿಲ್ಲ. ಮಾತುಕತೆಯೇ ಇಲ್ಲದೆ, ಯಾರು ಯಾವ ದೇಶವೆಂದು ತಿಳಿಸದೆ ಡಿಪ್ಲೊಮಸಿ ಆಡುವ ಗನ್‌ಬೋಟ್ ಎಂಬ ಬಗೆಯೂ ಇದೆ. ಸ್ನೇಹಕ್ಕೆ ಅದು ಸುರಕ್ಷಿತ, ರುಚಿ ಮಾತ್ರ ಉಪ್ಪಿಲ್ಲದ ಸಾರಿನಂತೆ. ಆದರೂ ಈ ಆಟ ಮುಗಿದ ಮೇಲೆ ಅದೇ ಗುಂಪು ಮತ್ತೆ ಸೇರುವುದಾದರೆ ಮೊದಲ ಆಟ ಹಾಗೆ ಆಡುವುದು ಕೆಟ್ಟದ್ದಲ್ಲ. ನೀವು ಕೇಳಿಲ್ಲ, ಆದರೆ ಯಾರಾದರೂ ಕೇಳಿಯೇ ಕೇಳುತ್ತಾರೆ: ಖಾಲಿ ಬಿದ್ದ ದೇಶಗಳನ್ನು ಯಂತ್ರಕ್ಕೆ ಕೊಡಬಹುದಲ್ಲ? 2022ರ ನವೆಂಬರಿನಲ್ಲಿ ಮೆಟಾ ಸಂಸ್ಥೆ ಪ್ರಕಟಿಸಿದ ಸಿಸೆರೊ ಎಂಬ ಕೃತಕ ಬುದ್ಧಿಮತ್ತೆಯ ತಂತ್ರಾಂಶ, 40 ಆಟಗಳಲ್ಲಿ ಮನುಷ್ಯರ ಜೊತೆ ಸಂದೇಶ ವಿನಿಮಯ ನಡೆಸಿ, ಒಂದಕ್ಕಿಂತ ಹೆಚ್ಚು ಆಟ ಆಡಿದವರ ಪೈಕಿ ಮೇಲಿನ ಶೇ. 10ರಲ್ಲಿ ನಿಂತಿತು. ಪತ್ರ ಚದುರಂಗದ ಒಕ್ಕೂಟ ಗಣಕದ ನೆರವನ್ನು ಒಪ್ಪಿಕೊಂಡಿದೆ, ಅದರ ಫಲವಾಗಿ ಉನ್ನತ ಮಟ್ಟದಲ್ಲಿ ಹೆಚ್ಚಿನ ಆಟಗಳು ಡ್ರಾ ಆಗುತ್ತಿವೆ. ನಿಮ್ಮ ಗುಂಪು ಏನೇ ನಿರ್ಧರಿಸಲಿ, ಪತ್ರ ಬರೆಯಲು ಯಂತ್ರದ ಸಹಾಯ ಪಡೆಯಬಹುದೇ ಇಲ್ಲವೇ ಎಂಬುದನ್ನು ಬಾಯಿಮಾತಿಗೆ ಬಿಡದೆ ನಿಯಮಗಳಲ್ಲಿ ಸೇರಿಸಿ. ನನ್ನ ಆಟಗಳಲ್ಲಿ ಅವಕಾಶವಿಲ್ಲ, ಸುಳ್ಳನ್ನಾದರೂ ನಾವೇ ಬರೆಯಬೇಕು ಎಂಬ ಹಟ ನನ್ನದು.

ಕಾರ್ಯಕ್ರಮ ಹೀಗಿರಲಿ. ಗೆಳೆಯನಿಗೆ ಕಾಗದ ಮೊದಲು, ಉಳಿದದ್ದು ಆಮೇಲೆ. ಅವನ ಉತ್ತರಕ್ಕೆ ಎರಡು ವಾರ ಕಾಯಿರಿ. ಅವನು ಬಾರದಿದ್ದರೆ ಆಸ್ಟ್ರಿಯಾಕ್ಕೂ ಬದಲಿಯೊಬ್ಬರು ಬೇಕಾಗುತ್ತಾರೆ, ಒಟ್ಟು ಮೂವರು ಹೊಸಬರಾದರೆ ಆಟವನ್ನು ಎಳೆಯುವುದಕ್ಕಿಂತ ನಿಲ್ಲಿಸುವುದೇ ಮೇಲು. ಬಂದರೆ, ಹೊಸ ನಿರ್ವಾಹಕರ ಹೆಸರು, ವಿಳಾಸ, ಗಡುವಿನ ನಿಯಮಗಳು ಮತ್ತು 1906ರ ವಸಂತದ ಈಗಿನ ನಕ್ಷೆ, ಇವಿಷ್ಟನ್ನೂ ಒಂದೇ ಹಾಳೆಯಲ್ಲಿ ಎಲ್ಲರಿಗೂ ಕಳಿಸಿ, ಮೊದಲ ಗಡುವನ್ನು ಮೂರು ವಾರಕ್ಕೆ ಇಡಿ. ಮಲ್ಲೇಶ್ವರದ ಹಿರಿಯರಿಗೆ ಆ ಹಾಳೆಯನ್ನು ನೀವೇ ಹೋಗಿ ಕೊಟ್ಟುಬನ್ನಿ, ಹೊಸ ವಿಳಾಸವನ್ನು ದೊಡ್ಡಕ್ಷರದಲ್ಲಿ ಪಿನ್‌ಕೋಡ್ ಸಹಿತ ಬರೆದುಕೊಡಿ. ಅಭ್ಯಾಸಬಲದಿಂದ ಅವರ ಮೊದಲ ಪತ್ರ ನಿಮ್ಮ ಮನೆಗೇ ಬರುವ ಸಾಧ್ಯತೆ ಹೆಚ್ಚು. ಬಂದರೆ ಅಂಟು ಬಿಡಿಸದೆ ಹಾಗೆಯೇ ಹೊಸ ನಿರ್ವಾಹಕರಿಗೆ ತಲುಪಿಸಿ.